ಹಳೆಯ ಲೇತ್ ಬಿಚ್ಚುವ ಮುನ್ನ

ಮೂಡಿಗೆರೆ, ಸಕಲೇಶಪುರದ ಕಡೆಯ ತೋಟದ ಶೆಡ್ಡುಗಳಲ್ಲಿ ತುಕ್ಕು ಹಿಡಿದಿರುವ ಹಳೆಯ ಲೇತ್‌ಗಳನ್ನು (ಲೋಹದ ತುಂಡನ್ನು ತಿರುಗಿಸುತ್ತ ಕಡೆಯುವ ಯಂತ್ರ) ಬಿಚ್ಚಿ ಸರಿಪಡಿಸಲು ಹೊರಟವರು ಚಕ್ (ಆ ತುಂಡನ್ನು ಕಚ್ಚಿ ಹಿಡಿಯುವ ಭಾಗ) ಕಳಚುವ ಮೊದಲು ಅದರ ಅಡಿಗೆ, ಬೆಡ್‌ನ (ಯಂತ್ರದ ಉದ್ದನೆಯ ಕಬ್ಬಿಣದ ತಳ) ಮೇಲೆ, ಒಂದು ಮರದ ಹಲಗೆಯನ್ನಿಡಬೇಕು.

ಹೆಡ್‌ಸ್ಟಾಕ್‌ನ (ಚಕ್ ತಿರುಗಿಸುವ ದಂಡವನ್ನು ಹೊತ್ತ ಭಾಗ) ಬೇರಿಂಗ್ ಮುಚ್ಚಳ ತೆಗೆಯುವಾಗ ಅತ್ಯಂತ ಎಚ್ಚರ ಬೇಕು. ಎರಡು ಹೋಳಿನ ಬೇರಿಂಗ್ ಇರುವ ಅನೇಕ ಯಂತ್ರಗಳಲ್ಲಿ ಮುಚ್ಚಳದ ಎರಡೂ ಬದಿಗೆ ಕಾಗದದಷ್ಟು ತೆಳುವಾದ ಶಿಮ್‌ಗಳು (ಸಂದಿನಲ್ಲಿಡುವ ಪಟ್ಟಿಗಳು) ಎಣ್ಣೆಜಿಡ್ಡಿನಲ್ಲಿ ಅಂಟಿಕೊಂಡಿರುತ್ತವೆ. ಸ್ಪಿಂಡಲ್, ಅಂದರೆ ಆ ದಂಡ, ಎಷ್ಟು ಬಿಗಿಯಾಗಿ ತಿರುಗಬೇಕೆಂಬುದನ್ನು ಅವೇ ನಿರ್ಧರಿಸುವುದರಿಂದ, ಯಾವ ಬದಿಯಲ್ಲಿ ಎಷ್ಟಿದ್ದವು ಎಂದು ಬರೆದು ಬೇರೆ ಬೇರೆ ಡಬ್ಬಿಗಳಲ್ಲಿಡಿ. ನಾನೊಮ್ಮೆ ಅವನ್ನು ಬೆರೆಸಿಬಿಟ್ಟು, ಮತ್ತೆ ಹೊಂದಿಸಲು ಎರಡು ದಿನ ಒದ್ದಾಡಿದ್ದೇನೆ.

ಬೆಡ್‌ನ ತುಕ್ಕು ತೆಗೆಯಲು ಗ್ರೈಂಡರ್ ಬೇಡವೇ ಬೇಡ. ಸೀಮೆಎಣ್ಣೆ ಸವರಿ ಒಂದು ರಾತ್ರಿ ಬಿಟ್ಟು, ಬ್ಲೇಡನ್ನು ಓರೆಯಾಗಿ ಹಿಡಿದು ಹೆರೆದರೆ ತುಕ್ಕು ಕಂದು ಪುಡಿಯಾಗಿ ಏಳುತ್ತದೆ. ಒರೆಸಿದ ಕೂಡಲೇ ಎಣ್ಣೆ ಹಚ್ಚಿ. ನಮ್ಮ ಮಳೆಗಾಲದ ತೇವಕ್ಕೆ ಬರಿಯ ಕಬ್ಬಿಣ ಬೆಳಗಾಗುವುದರೊಳಗೆ ಮತ್ತೆ ಕೆಂಪಾಗುತ್ತದೆ.