ಪೆನಿನ್ಸುಲಾಗೆ ಹೊಸದಾಗಿ ಬರ್ತಿದೀರಾ? ಬಾಡಿಗೆ ನೋಡೋ ಮೊದ್ಲು ಗುಡ್ಡ ನೋಡಿ

ಪೆನಿನ್ಸುಲಾ ಅಂದ್ರೆ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕಿರೋ ಊರುಗಳ ಸಾಲು. ಪ್ರತಿ ವರ್ಷ ಯಾರಾದ್ರೂ ಒಬ್ರು ಫೋನ್ ಮಾಡಿ ಇದೇ ಕೇಳ್ತಾರೆ. "ಸಾರ್, ಆಫೀಸು ಸ್ಯಾನ್ ಮಟೇಯೋದಲ್ಲಿ, ಹಾಫ್ ಮೂನ್ ಬೇಲಿ ಒಂದು ಒಳ್ಳೆ ಮನೆ ಸಿಕ್ಕಿದೆ, ಮ್ಯಾಪಲ್ಲಿ ನೋಡಿದ್ರೆ ಹತ್ರಾನೇ ಇದೆ, ತಗೊಳ್ಳಲಾ?" ಮ್ಯಾಪಲ್ಲಿ ಎಲ್ಲಾ ಹತ್ರಾನೇ ಕಾಣತ್ತೆ ಮಾರಾಯ್ರೇ. ಆ ಮ್ಯಾಪಲ್ಲಿ ನಡುವೆ ಹಸಿರಾಗಿ ಖಾಲಿ ಖಾಲಿ ಕಾಣೋದಿದ್ಯಲ್ಲ, ಅದು ಸ್ಯಾಂಟಾ ಕ್ರೂಜ್ ಬೆಟ್ಟಸಾಲು, ಅದನ್ನ ದಾಟೋಕೆ ಆ ಭಾಗದಲ್ಲಿ ಇರೋದು 92 ಅನ್ನೋ ಒಂದೇ ರಸ್ತೆ, ಅಕ್ಟೋಬರ್ ಬಂತು ಅಂದ್ರೆ ಊರವರೆಲ್ಲ ಕುಂಬಳಕಾಯಿ ತರೋಕೆ ಆ ಕಡೆ ಹೊರಡ್ತಾರೆ, ವೀಕೆಂಡ್ ಮಧ್ಯಾಹ್ನ ಆ ರೋಡಲ್ಲಿ ಸಿಕ್ಕಾಕ್ಕೊಂಡ್ರೆ ಕಥೆ ಮುಗೀತು.

ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು ನಂಗೆ, ಮೂರು ಊರಲ್ಲಿ ಇದ್ದು ನೋಡಿದೀನಿ. ನಾನು ಕಂಡ್ಕೊಂಡಿದ್ದು ಇಷ್ಟೇ, ಈ ಜಾಗದಲ್ಲಿ ಹವಾ, ನೀರು, ರೈಲು, ಭೂಕಂಪ, ಯಾವ ಊರು ಎಲ್ಲಿ ಹುಟ್ತು, ಎಲ್ಲದಕ್ಕೂ ಆ ಗುಡ್ಡಾನೇ ಕಾರಣ. ಅದೊಂದು ತಲೇಲಿ ಕೂತ್ರೆ ಮಿಕ್ಕಿದ್ದೆಲ್ಲ ತಾನಾಗೇ ಅರ್ಥ ಆಗತ್ತೆ.

ಮೊದ್ಲು ಹೆಸರು. ಪೆನಿನ್ಸುಲಾ ಅಂದ್ರೆ ಸ್ಕೂಲಲ್ಲಿ ಓದಿದ ಪರ್ಯಾಯ ದ್ವೀಪಾನೇ. ಪಶ್ಚಿಮಕ್ಕೆ ಪೆಸಿಫಿಕ್ ಸಾಗರ, ಪೂರ್ವಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಬೇ ಅನ್ನೋ ಕೊಲ್ಲಿ, ಉತ್ತರದ ತುದಿಲಿ ಗೋಲ್ಡನ್ ಗೇಟ್ ಜಲಸಂಧಿ. ತಮಾಷೆ ಏನಂದ್ರೆ ತುದಿಲಿರೋ ಸ್ಯಾನ್ ಫ್ರಾನ್ಸಿಸ್ಕೋನ ಇಲ್ಲಿ ಯಾರೂ ಪೆನಿನ್ಸುಲಾ ಅನ್ನಲ್ಲ, ಅದು ಬರೀ "ಸಿಟಿ". ಡೇಲಿ ಸಿಟಿಯಿಂದ ಪಾಲೋ ಆಲ್ಟೋ, ಮೌಂಟನ್ ವ್ಯೂ ತನಕ ಪೆನಿನ್ಸುಲಾ, ಸನಿವೇಲ್ ಬಂತು ಅಂದ್ರೆ ಸೌತ್ ಬೇ. ಮೌಂಟನ್ ವ್ಯೂ ಯಾವ ಕಡೆ ಅಂತ ಜಗಳ ಆಡೋರು ಇದಾರೆ, ನೀವು ಅದಕ್ಕೆ ತಲೆ ಹಾಕ್ಬೇಡಿ.

ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಘಟ್ಟದ ಮೇಲೆ, ಘಟ್ಟದ ಕೆಳಗೆ ಅಂತೀವಲ್ಲ ಹಾಗೆ, ಆದ್ರೆ ಇಲ್ಲಿ ಘಟ್ಟದ ಎರಡು ಕಡೇನೂ ಕೆಳಗೇ. ಸಮುದ್ರದ ಕಡೆ ಪೆಸಿಫಿಕಾ, ಮೊಂಟಾರಾ, ಹಾಫ್ ಮೂನ್ ಬೇ, ಅದಕ್ಕೆ ಕೋಸ್ಟ್‌ಸೈಡ್ ಅಂತಾರೆ. ಬೇ ಕಡೆ ಸಪಾಟು ನೆಲ, ಅಲ್ಲೇ ಊರಿಗೆ ಊರು ಅಂಟ್ಕೊಂಡಿದೆ, ಒಂದು ಎಲ್ಲಿ ಮುಗೀತು ಇನ್ನೊಂದು ಎಲ್ಲಿ ಶುರುವಾಯ್ತು ಅಂತ ಬೋರ್ಡ್ ನೋಡಿದ್ರೇನೇ ಗೊತ್ತಾಗೋದು.

ಹವಾಮಾನದಲ್ಲಿ ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ. ಮೊದಲನೇ ವರ್ಷ ಡೇಲಿ ಸಿಟಿಲಿ ಮನೆ ಹಿಡಿದ್ವಿ, ಕ್ಯಾಲಿಫೋರ್ನಿಯಾ ಅಂದ್ರೆ ಬಿಸಿಲು ಅನ್ಕೊಂಡಿದ್ವಿ, ಜುಲೈ ಪೂರ್ತಿ ಹೀಟರ್ ಹಾಕ್ಕೊಂಡು ಕೂತ್ವಿ, ಬಾಲ್ಕನಿಲಿ ಹರವಿದ ಬಟ್ಟೆ ಎರಡು ದಿನ ಆದ್ರೂ ಒಣಗ್ತಿರ್ಲಿಲ್ಲ. ಆಗೋದು ಹೀಗೆ, ಈ ಕರಾವಳೀಲಿ ಬೇಸಿಗೇಲಿ ಸಮುದ್ರದ ಆಳದ ತಣ್ಣನೆ ನೀರು ಮೇಲೆ ಬರತ್ತೆ, ಅದರ ಮೇಲೆ ಹಾಯೋ ತೇವದ ಗಾಳಿ ಮಂಜಾಗತ್ತೆ, ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದು ಗಾಳಿ ಮೇಲೇರಿದಾಗ ಈ ಮಂಜನ್ನ ಒಳಗೆ ಎಳ್ಕೊಳ್ಳತ್ತೆ. ಗುಡ್ಡ ಅಡ್ಡ ನಿಂತು ತಡೆಯತ್ತೆ. ಸಂಜೆ 280 ಹೈವೇಲಿ ಹೋಗ್ತಾ ಪಶ್ಚಿಮಕ್ಕೆ ನೋಡಿ, ಸ್ಕೈಲೈನ್ ಗುಡ್ಡದ ಮೇಲಿಂದ ಮಂಜು ಹಾಲು ಉಕ್ಕಿದ ಹಾಗೆ ಈ ಕಡೆ ಇಳೀತಾ ಇರತ್ತೆ, ಇಳೀತಾ ಇಳೀತಾನೇ ಮಾಯ. ಗುಡ್ಡ ತಗ್ಗಿರೋ ಕಡೆ ಮಾತ್ರ ಸೀದಾ ನುಗ್ಗತ್ತೆ, ಸ್ಯಾನ್ ಬ್ರೂನೋ ಹತ್ರ ಅಂಥ ಒಂದು ಸಂದು ಇದೆ, ಅದರ ನೇರಕ್ಕೇ ಏರ್‌ಪೋರ್ಟ್ ಇರೋದು. ಅಲ್ಲಿ ಲ್ಯಾಂಡ್ ಆಗೋ ಎರಡು ರನ್‌ವೇ ಅಕ್ಕಪಕ್ಕ ಬರೀ 750 ಅಡಿ ದೂರ, ಮೋಡ ಕೆಳಗಿದ್ರೆ ಎರಡರಲ್ಲೂ ಒಟ್ಟಿಗೆ ಇಳಿಸೋಕಾಗಲ್ಲ, ಫ್ಲೈಟ್ ಲೇಟು. ಅಪ್ಪ ಅಮ್ಮ ಜುಲೈಲಿ ಬರೋದಾದ್ರೆ ಸ್ವೆಟರ್ ಕೈಚೀಲದಲ್ಲೇ ಇಟ್ಕೊಳ್ಳೋಕೆ ಹೇಳಿ. ಇಲ್ಲಿ ನಿಜವಾದ ಬೇಸಿಗೆ ಸೆಪ್ಟೆಂಬರ್, ಅಕ್ಟೋಬರ್. ದಕ್ಷಿಣಕ್ಕೆ ಬೆಟ್ಟ ಎತ್ತರ ಆಗತ್ತೆ, ಅದಕ್ಕೇ ರೆಡ್‌ವುಡ್ ಸಿಟಿಲಿ ಬೆಚ್ಚಗಿರತ್ತೆ, ಆ ಊರವರು "ಕ್ಲೈಮೇಟ್ ಬೆಸ್ಟ್ ಬೈ ಗೌರ್ನಮೆಂಟ್ ಟೆಸ್ಟ್" ಅಂತ ರಸ್ತೆ ಮೇಲೆ ಕಮಾನೇ ಕಟ್ಟಿಸ್ಕೊಂಡಿದಾರೆ!

ಈ ಮಂಜಿನ ಮಹಿಮೆ ಹಳೇದು. ಯುರೋಪಿನ ಹಡಗುಗಳು 16ನೇ ಶತಮಾನದಿಂದ ಈ ತೀರದುದ್ದಕ್ಕೂ ಓಡಾಡಿದ್ರೂ ಗೋಲ್ಡನ್ ಗೇಟ್ ಒಳಗೆ ಇಷ್ಟು ದೊಡ್ಡ ಬೇ ಇದೆ ಅಂತ ಎರಡು ಶತಮಾನ ಅವರಿಗೆ ಗೊತ್ತೇ ಆಗ್ಲಿಲ್ಲ. ಕೊನೆಗೆ ಗೊತ್ತಾಗಿದ್ದು ನಡ್ಕೊಂಡು ಬಂದವರಿಗೆ. 1769ರಲ್ಲಿ ಗಾಸ್ಪರ್ ದೆ ಪೋರ್ತೋಲಾ ಅನ್ನೋ ಸ್ಪ್ಯಾನಿಷ್ ಅಧಿಕಾರಿ ಮಾಂಟೆರೇ ಕೊಲ್ಲಿ ಹುಡುಕ್ಕೊಂಡು ಬಂದು, ಅದನ್ನ ಗುರುತು ಹಿಡೀದೆ ದಾಟಿ ಬಂದು, ನವೆಂಬರ್ 4ಕ್ಕೆ ಪೆಸಿಫಿಕಾ ಕಡೆಯಿಂದ ಸ್ವೀನಿ ರಿಡ್ಜ್ ಹತ್ತಿದಾಗ ಆ ಕಡೆ ಬೇ ಕಾಣಿಸ್ತು. ಅಂದ್ರೆ ಆ ಮನುಷ್ಯನೂ ದಾರಿ ತಪ್ಪಿ ಬಂದ ಹೊಸಬನೇ. "ಕಂಡುಹಿಡಿದ" ಅಂತ ಬೋರ್ಡ್ ಹಾಕಿದಾರೆ, ಆದ್ರೆ ಇಲ್ಲಿ ಸಾವಿರಾರು ವರ್ಷದಿಂದ ರಾಮೈತುಷ್ ಓಲೋನಿ ಜನ ಇದ್ರು, ಚಿಪ್ಪು ಮೀನು ತಿಂದು ಹಾಕಿದ ಚಿಪ್ಪಿನ ದಿಬ್ಬಗಳೇ ಬೇ ದಂಡೆಲಿದ್ವು. 1776ರಲ್ಲಿ ಸಿಟಿಲಿ ಮಿಷನ್ ಡೊಲೋರೆಸ್ ಅನ್ನೋ ಕ್ರೈಸ್ತ ಪಾದ್ರಿಗಳ ನೆಲೆ, ಮುಂದಿನ ವರ್ಷ ಮಿಷನ್ ಸ್ಯಾಂಟಾ ಕ್ಲಾರಾ ಶುರುವಾಯ್ತು, ಓಲೋನಿಗಳನ್ನ ಅಲ್ಲಿಗೆ ಸೇರಿಸಿ ದುಡಿಸಿದ್ರು, ಯುರೋಪಿನ ರೋಗ ಬಂದು ಊರಿಗೆ ಊರೇ ಖಾಲಿ ಆಯ್ತು. ಈ ಮಿಷನ್‌ಗಳನ್ನ ಸೇರಿಸ್ತಿದ್ದ ದಾರೀನೇ ಎಲ್ ಕಮೀನೋ ರಿಯಾಲ್, ನೀವು ನಾಳೆ ತರಕಾರಿ ತರೋಕೆ ಹೋಗೋ ರೋಡು. ಗುಡ್ಡದ ಬುಡಕ್ಕೂ ಬೇ ಕೆಸರಿಗೂ ನಡುವಿನ ಗಟ್ಟಿ ನೆಲ ಹಿಡ್ಕೊಂಡು ಹೋಗತ್ತೆ.

ಆಮೇಲೆ ಮೆಕ್ಸಿಕೋ ಕಾಲ, ದೊಡ್ಡ ದೊಡ್ಡ ರಾಂಚೋ, ಅಂದ್ರೆ ದನ ಮೇಯಿಸೋ ಜಮೀನು. ಅದರಲ್ಲಿ ರಾಂಚೋ ದೆ ಲಾಸ್ ಪುಲ್ಗಾಸ್ ಅಂತ ಒಂದು, ಸುಮಾರು 35,000 ಎಕರೆ, ಆರ್ಗುಯೆಯೋ ಮನೆತನದ್ದು. ಪುಲ್ಗಾಸ್ ಅಂದ್ರೆ ಸ್ಪ್ಯಾನಿಷಲ್ಲಿ ಚಿಗಟ. ಇವತ್ತಿನ ಬೆಲ್ಮಾಂಟ್, ಸ್ಯಾನ್ ಕಾರ್ಲೋಸ್, ರೆಡ್‌ವುಡ್ ಸಿಟಿ, ಆಥರ್ಟನ್, ಮೆನ್ಲೋ ಪಾರ್ಕ್ ಎಲ್ಲ ಆ ಚಿಗಟದ ಎಸ್ಟೇಟೇ. ಮನೆ ರೇಟು ಕೇಳಿ ಎದೆ ಒಡೆದಾಗ ಇದನ್ನ ನೆನೆಸ್ಕೊಂಡು ನಗಿ.

1848ರಲ್ಲಿ ಅಮೆರಿಕದ ಕೈಗೆ ಬಂತು, ಅದೇ ವರ್ಷ ಚಿನ್ನ ಸಿಕ್ತು, ಸಿಟಿ ಕಟ್ಟೋಕೆ ಮರ ಬೇಕಾಯ್ತು. ವುಡ್‌ಸೈಡ್ ಕಡೆ ಗುಡ್ಡದ ರೆಡ್‌ವುಡ್ ಮರ ಕಡಿದು ಕೆಳಗೆ ತಂದು ನೀರಿನ ಮೇಲೆ ಸಿಟಿಗೆ ಸಾಗಿಸಿದ ಬಂದರೇ ರೆಡ್‌ವುಡ್ ಸಿಟಿ. 1864ರ ಜನವರಿಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಹೋಸೆಗೆ ರೈಲು ಪೂರ್ತಿ ಆಯ್ತು, ಅದೂ ಎಲ್ ಕಮೀನೋ ಪಕ್ಕದಲ್ಲೇ, ಮತ್ತೆಲ್ಲಿ ಹಾಕ್ತಾರೆ, ಗುಡ್ಡ ಬಿಡಬೇಕಲ್ಲ. ಸಿಟಿಯ ಸಾಹುಕಾರರು ಮಂಜು ತಪ್ಪಿಸ್ಕೊಳ್ಳೋಕೆ ರೈಲು ದಾರಿಲಿ ಬಂಗಲೆ ಕಟ್ಟಿಸಿದ್ರು. ಬ್ಯಾಂಕರ್ ಡೇರಿಯಸ್ ಮಿಲ್ಸ್ ಹೆಸರಿಂದ ಮಿಲ್‌ಬ್ರೇ, ಆನ್ಸನ್ ಬರ್ಲಿಂಗೇಮ್ ಹೆಸರಿಂದ ಬರ್ಲಿಂಗೇಮ್. ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಕುದುರೆ ಸಾಕಿದ್ದ ಜಾಗದಲ್ಲಿ 1891ಕ್ಕೆ ಯೂನಿವರ್ಸಿಟಿ ತೆಗೆದ್ರು, ಅದಕ್ಕೇ ಅದನ್ನ ಇವತ್ತಿಗೂ "ಫಾರ್ಮ್" ಅಂತಾರೆ. ಪಾಲೋ ಆಲ್ಟೋ ಅಂದ್ರೆ ಎತ್ತರದ ಮರ, ಆ ರೆಡ್‌ವುಡ್ ಮರ ರೈಲು ಹಳಿ ಪಕ್ಕದಲ್ಲಿ ಇನ್ನೂ ನಿಂತಿದೆ.

ಮನೆ ಹುಡುಕೋರಿಗೆ ಇದರಿಂದ ಏನು ಉಪಯೋಗ ಅಂದ್ರೆ, ರೈಲಿಂದ ಹುಟ್ಟಿದ ಊರುಗಳ ಡೌನ್‌ಟೌನ್ ಎಲ್ಲ ಸ್ಟೇಷನ್ ಎದುರಿಗೇ ಇದೆ, ಬರ್ಲಿಂಗೇಮ್, ಸ್ಯಾನ್ ಮಟೇಯೋ, ಸ್ಯಾನ್ ಕಾರ್ಲೋಸ್ ಎಲ್ಲಾದ್ರೂ ಸ್ಟೇಷನ್ನಿಗೆ ನಡೆಯೋ ದೂರದಲ್ಲಿ ಮನೆ ಸಿಕ್ರೆ ಒಂದು ಕಾರಲ್ಲಿ ಸಂಸಾರ ನಡೆಯತ್ತೆ. ಈಗ ಆ ಹಳಿ ಮೇಲೆ ಓಡೋ ಕ್ಯಾಲ್‌ಟ್ರೇನ್ 2024ರ ಸೆಪ್ಟೆಂಬರಿಂದ ಕರೆಂಟಲ್ಲಿ ಓಡ್ತಿದೆ, ಮೊದಲಿನ ಡೀಸೆಲ್ ಗುಡುಗುಡು ಇಲ್ಲ. ಬಾರ್ಟ್ ಅನ್ನೋ ಮೆಟ್ರೋ ರೈಲು ಯಾಕೆ ಇಲ್ಲಿ ತನಕ ಇಲ್ಲ ಅಂತ ಎಲ್ರೂ ಕೇಳ್ತಾರೆ, 1961ರಲ್ಲಿ ಸ್ಯಾನ್ ಮಟೇಯೋ ಕೌಂಟಿ ನಮಗೆ ಬೇಡ ಅಂತ ಹೊರಗೆ ಬಂತು, ಏರ್‌ಪೋರ್ಟ್ ಮತ್ತೆ ಮಿಲ್‌ಬ್ರೇಗೆ ಬಂದಿದ್ದು 2003ರಲ್ಲಿ, ಅಲ್ಲಿಗೇ ನಿಲ್ತು. ಆಗಿನವರ ಜಿಪುಣತನಕ್ಕೆ ಈಗಿನವರು 101 ಹೈವೇ ಟ್ರಾಫಿಕ್ಕಲ್ಲಿ ಕೂತು ಬಡ್ಡಿ ಕಟ್ತಿದೀವಿ.

ಈಗ ಗುಡ್ಡದ ಬುಡದ ವಿಷಯ, ಇದನ್ನ ಸ್ವಲ್ಪ ನಿಧಾನವಾಗಿ ಓದಿ. 280 ಪಕ್ಕ ಉದ್ದಕ್ಕೆ ಕಾಣೋ ಕೆರೆಗಳು, ಸ್ಯಾನ್ ಆಂಡ್ರಿಯಾಸ್ ಮತ್ತೆ ಕ್ರಿಸ್ಟಲ್ ಸ್ಪ್ರಿಂಗ್ಸ್, ಸಿಟಿಯ ಕುಡಿಯೋ ನೀರಿಗೆ 19ನೇ ಶತಮಾನದಲ್ಲಿ ಕಟ್ಟಿದ್ದು. ಅವು ಅಷ್ಟು ನೇರವಾಗಿ ಉದ್ದಕ್ಕೆ ಇರೋದ್ಯಾಕೆ ಅಂದ್ರೆ ಆ ಕಣಿವೇನೇ ಸ್ಯಾನ್ ಆಂಡ್ರಿಯಾಸ್ ಫಾಲ್ಟ್. ಪ್ರಪಂಚಕ್ಕೆಲ್ಲ ಗೊತ್ತಿರೋ ಆ ಬಿರುಕಿಗೆ 1895ರಲ್ಲಿ ಆಂಡ್ರೂ ಲಾಸನ್ ಅನ್ನೋ ಭೂವಿಜ್ಞಾನಿ ಹೆಸರಿಟ್ಟಿದ್ದು ಈ ಕಣಿವೆ ನೋಡಿಯೇ. ಡೇಲಿ ಸಿಟಿಯ ಮಸಲ್ ರಾಕ್ ಹತ್ರ ಅದು ಸಮುದ್ರಕ್ಕೆ ಇಳಿಯತ್ತೆ. 1906ರ ಏಪ್ರಿಲ್ 18ರ ಭೂಕಂಪದಲ್ಲಿ ಸಿಟಿ ಬಿತ್ತು, ಸುಟ್ಟೂ ಹೋಯ್ತು, ಆದ್ರೆ ಫಾಲ್ಟಿನ ಪಕ್ಕದಲ್ಲೇ ಇದ್ದ ಕ್ರಿಸ್ಟಲ್ ಸ್ಪ್ರಿಂಗ್ಸ್ ಕಾಂಕ್ರೀಟ್ ಡ್ಯಾಮ್ ಅಲ್ಲಾಡ್ಲಿಲ್ಲ. ಮನೆ ಕಳ್ಕೊಂಡವರು ಎಷ್ಟೋ ಜನ ದಕ್ಷಿಣಕ್ಕೆ ಬಂದು ನೆಲೆಸಿದ್ರು, ಬರ್ಲಿಂಗೇಮ್ ಎರಡೇ ವರ್ಷದಲ್ಲಿ, 1908ಕ್ಕೆ, ಪೂರಾ ಸಿಟಿ ಆಯ್ತು. 1934ರಿಂದ ಯೊಸೆಮಿಟಿಯ ಹೆಚ್ ಹೆಚಿ ಜಲಾಶಯದ ನೀರು ನೂರೈವತ್ತು ಮೈಲಿಗೂ ಹೆಚ್ಚು ದೂರದಿಂದ ಇಲ್ಲಿಗೆ ಬರ್ತಿದೆ. ನಲ್ಲಿ ನೀರು ಹಾಗೇ ಕುಡೀರಿ, ಕಾಯಿಸೋದು, ಕ್ಯಾನ್ ಹೊರೋದು ಬೇಡ. ಈ ನೀರಿಗೋಸ್ಕರ ಸುಮಾರು 23,000 ಎಕರೆ ಕಾಡನ್ನ ಮುಟ್ಟದೆ ಇಟ್ಟಿದಾರೆ, ಮ್ಯಾಪಿನ ಆ ಹಸಿರು ಅದೇ.

ಬೇ ಕಡೆ ಇನ್ನೊಂದು ತರ ಯೋಚನೆ. ಫಾಸ್ಟರ್ ಸಿಟಿಲಿ ನಮ್ಮವರು ತುಂಬಾ ಜನ, ಊರು ಚೆನ್ನಾಗಿದೆ, ಲಗೂನ್ ಸುತ್ತ ವಾಕಿಂಗ್ ಚೆನ್ನಾಗಿರತ್ತೆ, ಆದ್ರೆ ಅದು 1960ರ ದಶಕದಲ್ಲಿ ಬ್ರೂವರ್ ಐಲ್ಯಾಂಡ್ ಅನ್ನೋ ಜವುಗು ನೆಲಕ್ಕೆ ಮಣ್ಣು ತುಂಬಿ ಮಾಡಿದ ಊರು, ಸುತ್ತ ಏರಿ ಕಟ್ಟಿ ನೀರು ತಡೆದಿದಾರೆ. ಇಂಥ ಸಡಿಲ ನೆಲ ಜೋರು ಭೂಕಂಪದಲ್ಲಿ ಕೆಸರಿನ ಹಾಗೆ ವರ್ತಿಸತ್ತೆ, ಲಿಕ್ವಿಫ್ಯಾಕ್ಷನ್ ಅಂತಾರೆ. 1989ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಸಿಟಿಯ ಮರೀನಾ ಬಡಾವಣೇಲಿ ಆಗಿದ್ದು ಅದೇ. ಹೆದರಿಸೋಕೆ ಹೇಳ್ತಿಲ್ಲ, ಅಲ್ಲೇ ಆರು ವರ್ಷ ಸುಖವಾಗಿದ್ದವನು ನಾನು. ಬಾಡಿಗೆಗಾದ್ರೆ ಬೀರು, ಬುಕ್ ಶೆಲ್ಫ್ ಗೋಡೆಗೆ ಬಿಗೀರಿ, ಹಾಸಿಗೆ ತಲೆದೆಸೇಲಿ ದೇವರ ಫೋಟೋ ಗಾಜು ಹಾಕಿ ತೂಗುಹಾಕ್ಬೇಡಿ. ಕೊಂಡ್ಕೊಳ್ಳೋದಾದ್ರೆ ಮಾರೋರು ಕೊಡೋ ಹಜಾರ್ಡ್ ರಿಪೋರ್ಟ್ ಓದದೆ ಸೈನ್ ಮಾಡ್ಬೇಡಿ, ಮಾಮೂಲಿ ಮನೆ ಇನ್ಶೂರೆನ್ಸಲ್ಲಿ ಭೂಕಂಪ ಸೇರಿರಲ್ಲ, ಅದು ಬೇರೆ ತಗೋಬೇಕು.

ಹಳೇ ಮನೆ ಪತ್ರ ಓದೋವಾಗ ಇನ್ನೊಂದು ಕಣ್ಣಿಗೆ ಬೀಳಬಹುದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಡೇಲಿ ಸಿಟಿಯ ವೆಸ್ಟ್‌ಲೇಕ್ ತರದ ಬಡಾವಣೆಗಳು ಎದ್ವಲ್ಲ, ಅಂಥ ಎಷ್ಟೋ ಕಡೆ ಬಿಳಿಯರಿಗೆ ಬಿಟ್ಟು ಮಿಕ್ಕವರಿಗೆ ಮಾರೋ ಹಾಗಿಲ್ಲ ಅಂತ ಪತ್ರದಲ್ಲೇ ಬರೆದಿರ್ತಿದ್ರು. 1948ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಕೋರ್ಟುಗಳು ಜಾರಿ ಮಾಡೋ ಹಾಗಿಲ್ಲ ಅಂತು, 1968ರಲ್ಲಿ ಕಾನೂನೇ ಬಂತು, ಆದ್ರೂ ಆ ಸಾಲು ಹಳೇ ಕಾಗದದಲ್ಲಿ ಉಳ್ಕೊಂಡಿರತ್ತೆ. ಆ ಕಾಲದಲ್ಲೂ ಜಾತಿ ಬಣ್ಣ ನೋಡದೆ ಮನೆ ಮಾರಿದ ಬಿಲ್ಡರ್ ಜೋಸೆಫ್ ಐಕ್ಲರ್, ಪಾಲೋ ಆಲ್ಟೋದಲ್ಲಿ ಗಾಜಿನ ಗೋಡೆ ಮನೆಗಳು ಕಂಡ್ರೆ ಅವು ಹೆಚ್ಚಿನವು ಅವರವೇ. 101ರ ಆ ಕಡೆ ಈಸ್ಟ್ ಪಾಲೋ ಆಲ್ಟೋ 1983ರಲ್ಲಿ ಬೇರೆ ಊರಾಗಿ ನಿಂತಿದ್ದರ ಹಿಂದೆ ಕೂಡ ಇಂಥದ್ದೇ ಕಥೆ.

ಕೋಸ್ಟ್‌ಸೈಡ್ ಯಾಕೆ ಇನ್ನೂ ಹೊಲ ಗದ್ದೆ ತರ ಉಳಿದಿದೆ ಅಂದ್ರೆ ಅಲ್ಲಿಗೆ ರೈಲು ದಕ್ಕಲಿಲ್ಲ. ಓಶನ್ ಶೋರ್ ರೈಲ್‌ರೋಡ್ ಅಂತ ಸಿಟಿಯಿಂದ ಸ್ಯಾಂಟಾ ಕ್ರೂಜ್‌ಗೆ ಹಾಕೋಕೆ ಹೊರಟ್ರು, ಕಟ್ಟೋ ಹೊತ್ತಿಗೇ 1906ರ ಭೂಕಂಪ ಬಂದು ಹಳಿ ಸಮುದ್ರಕ್ಕೆ ಬಿತ್ತು, ನಡುವಿನ ಭಾಗ ಕೊನೆಗೂ ಸೇರ್ಲಿಲ್ಲ, 1920ಕ್ಕೆ ನಿಂತೇ ಹೋಯ್ತು. ಆ ದಾರೀಲಿರೋ ಡೆವಿಲ್ಸ್ ಸ್ಲೈಡ್ ಅನ್ನೋ ಜರಿಯೋ ಬಂಡೆ ಆಮೇಲೆ ರಸ್ತೆಗೂ ಕಾಟ ಕೊಡ್ತು. 2006ರಲ್ಲಿ ಗುಡ್ಡ ಜರಿದು ನಾಲ್ಕು ತಿಂಗಳು ಹೈವೇ 1 ಮುಚ್ಚಿದ್ರು, ಮೊಂಟಾರಾದಲ್ಲಿದ್ದ ನನ್ನ ಫ್ರೆಂಡ್ ಒಬ್ಬ ದಿನಾ ಹಾಫ್ ಮೂನ್ ಬೇಗೆ ಇಳಿದು 92 ಹತ್ತಿ ಸುತ್ತಾಕ್ಕೊಂಡು ಸಿಟಿಗೆ ಹೋಗಿ ಹೈರಾಣಾಗಿದ್ದ. 2013ರಲ್ಲಿ ಸುರಂಗ ಆದ್ಮೇಲೆ ಆ ತೊಂದರೆ ತಪ್ತು, ಹಳೇ ರಸ್ತೆ ಈಗ ನಡೆಯೋಕೆ ಬಿಟ್ಟಿದಾರೆ, ಮಕ್ಕಳನ್ನ ಕರ್ಕೊಂಡು ಹೋಗಿ.

ಬೇ ಆಚೆ ದಡದ ಫ್ರೀಮಾಂಟಿಂದ ಓಡಾಡ್ತೀನಿ ಅನ್ನೋರಿಗೆ ಒಂದೇ ಮಾತು, ಡಂಬಾರ್ಟನ್, ಸ್ಯಾನ್ ಮಟೇಯೋ ಎರಡೂ ಸೇತುವೇಲಿ ಟೋಲ್ ಇರೋದು ಪೆನಿನ್ಸುಲಾ ಕಡೆ ಬರೋವಾಗ ಮಾತ್ರ, ಬರೋದ್ರೊಳಗೆ ಟೋಲ್ ಕಟ್ಟೋ ಫಾಸ್‌ಟ್ರ್ಯಾಕ್ ಟ್ಯಾಗ್ ಮಾಡಿಸಿ.

ಲೀಸ್ ಸೈನ್ ಮಾಡೋಕೆ ಮುಂಚೆ ಒಂದು ಶನಿವಾರ ಸ್ಯಾನ್ ಬ್ರೂನೋದ ಸ್ಕೈಲೈನ್ ಕಾಲೇಜ್ ಹಿಂದಿನ ದಾರಿಲಿ ಸ್ವೀನಿ ರಿಡ್ಜ್ ಹತ್ತಿ, ಜ್ಯಾಕೆಟ್ ಇರ್ಲಿ, ಬೆಳಗ್ಗೆ ಬೇಗ ಹೋದ್ರೆ ಮಂಜು ಬಿಟ್ಟು ಏನೂ ಕಾಣಲ್ಲ, ಹನ್ನೊಂದರ ಮೇಲೆ ಹೋಗಿ. ಪೋರ್ತೋಲಾ ನಿಂತ ಜಾಗದಲ್ಲಿ ಕಲ್ಲು ನೆಟ್ಟಿದಾರೆ, ಈ ಕಡೆ ವಿಮಾನ ಇಳಿಯೋದು, ಆ ಕಡೆ ಪೆಸಿಫಿಕಾದ ಅಲೆ, ಎರಡೂ ಒಟ್ಟಿಗೆ ಕಾಣತ್ತೆ. ಇಳಿದ ಮೇಲೆ ಫೋನ್ ಮಾಡಿ, ಯಾವ ಕಡೆ ಮನೆ ಅಂತ ಮಾತಾಡೋಣ.