ನನ್ನ ಆಮೆಗಳ ನೀರಿನ ಲೆಕ್ಕ

ಆಮೆ ಸಾಕಿದ್ದೇನೆ ಅಂದ ಕೂಡಲೇ ಜನ ಕೇಳುವುದು ಎರಡೇ ಪ್ರಶ್ನೆ. ಏನು ತಿನ್ನುತ್ತದೆ, ಎಷ್ಟು ವರ್ಷ ಬದುಕುತ್ತದೆ. ನೀರಿನ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ನೆಲದ ಮೇಲೆ ಓಡಾಡುವ ಆಮೆ, ಅದರಲ್ಲೂ ಬಿಸಿಲು ನಾಡಿನದು, ಅದಕ್ಕೆಲ್ಲಿಯ ನೀರು ಅಂತ ಒಂದು ನಂಬಿಕೆ. ಆದರೆ ನಾನು ಆಮೆಗಳಿಗಾಗಿ ದಿನಾ ಮಾಡುವ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರಿನದೇ.

ನನ್ನ ಹತ್ತಿರ ಎರಡಿವೆ. ಒಂದು ಸಲ್ಕಾಟಾ, ಸಹಾರಾದ ದಕ್ಷಿಣ ಅಂಚಿನ ಒಣ ನೆಲದ ಜಾತಿ. ಅಂಗೈಯಲ್ಲಿ ಕೂರುವಷ್ಟು ಮರಿಯಾಗಿದ್ದಾಗಿನಿಂದ ನನ್ನ ಹತ್ತಿರವೇ ಬೆಳೆದಿದೆ. ಇನ್ನೊಂದು ರೆಡ್‌ಫುಟ್, ಕಾಲಿನ ಮೇಲೆ ಕೆಂಪು ಚುಕ್ಕೆಗಳಿರುವ ದಕ್ಷಿಣ ಅಮೆರಿಕದ ಆಮೆ. ಇದು ದೊಡ್ಡದಾಗಿಯೇ ಬಂತು. ಮೊದಲು ಸಾಕಿದವರಿಗೆ ನೋಡಿಕೊಳ್ಳಲು ಆಗದೆ ನನಗೆ ಕೊಟ್ಟರು. ಒಂದು ಒಣ ನೆಲದ್ದು, ಇನ್ನೊಂದು ತೇವದ ಕಾಡಿನದು. ಆದರೂ ಎರಡರ ನೀರಿನ ಲೆಕ್ಕದಲ್ಲಿ ನೀವು ಅಂದುಕೊಳ್ಳುವಷ್ಟು ವ್ಯತ್ಯಾಸ ಇಲ್ಲ.

ಯಾಕೆ ಅಂದರೆ, ಸಲ್ಕಾಟಾ ತನ್ನ ನಾಡಿನಲ್ಲಿ ಸುಮ್ನೆ ಬಿಸಿಲಲ್ಲಿ ಬಿದ್ದಿರುವುದಿಲ್ಲ. ನೆಲ ತೋಡಿ ಉದ್ದನೆಯ ಬಿಲ ಮಾಡಿಕೊಳ್ಳುತ್ತದೆ. ಹೊರಗೆ ಸುಡುವ ಹೊತ್ತೆಲ್ಲ ಒಳಗೇ ಇರುತ್ತದೆ. ಅಲ್ಲಿನ ಗಾಳಿ ಹೊರಗಿನದಕ್ಕಿಂತ ತಂಪು, ತೇವವೂ ಜಾಸ್ತಿ. ಉಸಿರಿನ ಜೊತೆ ಹೋಗುವ ನೀರು ಅಲ್ಲಿ ಕಡಿಮೆ. ಸಾಕುವವರು ಎಷ್ಟೋ ಸಲ ಕೊಡುವುದು ಏನು? ಬಿಲ ಇಲ್ಲದ ಒಂದು ಪೆಟ್ಟಿಗೆ, ಮೇಲೊಂದು ಬಿಸಿ ಬಲ್ಬ್, ಕೆಳಗೆ ಒಣ ಹಾಸು. ಮರುಭೂಮಿಯ ಆಮೆ ಮರುಭೂಮಿಯಲ್ಲೂ ಇಷ್ಟು ಒಣಗುವುದಿಲ್ಲ.

ಆಮೆಗೆ ನೀರು ಸಾಕಾಗಿದೆಯಾ ಅಂತ ನಾನು ತಿಳಿಯುವುದು ಅದರ ಉಚ್ಚೆ ನೋಡಿ. ಮುಖ ಸಿಂಡರಿಸಬೇಡಿ, ಇದಕ್ಕಿಂತ ಒಳ್ಳೆಯ ಗುರುತು ಇನ್ನೊಂದಿಲ್ಲ. ದೇಹಕ್ಕೆ ಬೇಡವಾದ ಸಾರಜನಕವನ್ನು ನಾವು ಯೂರಿಯಾ ಮಾಡಿ, ತುಂಬಾ ನೀರಲ್ಲಿ ಕರಗಿಸಿ ಹೊರಹಾಕುತ್ತೇವೆ. ಒಣ ನೆಲದ ಆಮೆಗಳು ಹಕ್ಕಿಗಳ ಹಾಗೆ ಅದನ್ನು ಹೆಚ್ಚಾಗಿ ಯೂರಿಕ್ ಆಮ್ಲ ಮಾಡುತ್ತವೆ. ಅದು ನೀರಲ್ಲಿ ಅಷ್ಟಾಗಿ ಕರಗುವುದಿಲ್ಲ. ಹಾಗಾಗಿ ಸ್ವಲ್ಪ ನೀರಲ್ಲೇ ಹೊರಗೆ ಕಳಿಸಬಹುದು. ಮೂತ್ರದ ಜೊತೆ ಬೀಳುವ ಬಿಳಿ ಪದಾರ್ಥ ಅದೇ. ಅದಕ್ಕೆ ಯುರೇಟ್ ಅನ್ನುತ್ತಾರೆ. ನೀರು ಸಾಕಷ್ಟಿದ್ದರೆ ಯುರೇಟ್ ಮೆತ್ತಗಿರುತ್ತದೆ, ಟೂತ್‌ಪೇಸ್ಟ್ ಹದ ಅಥವಾ ಇನ್ನೂ ತೆಳ್ಳಗೆ. ನೀರು ಸಾಲದಿದ್ದರೆ ಗಟ್ಟಿಯಾಗುತ್ತದೆ, ಬೆರಳ ಮಧ್ಯೆ ಉಜ್ಜಿದರೆ ಗರಗರ ಅನ್ನುತ್ತದೆ. ನಾನು ಕೈಗವಸು ಹಾಕಿಕೊಂಡು ನಿಜಕ್ಕೂ ಉಜ್ಜಿ ನೋಡುತ್ತೇನೆ.

ಆಮೆಯ ಮೂತ್ರಕೋಶ ದೊಡ್ಡದು. ಕುಡಿದದ್ದನ್ನು ಅಲ್ಲಿ ಕೂಡಿಟ್ಟುಕೊಂಡು, ಬರಗಾಲದಲ್ಲಿ ಅದರಿಂದಲೇ ನೀರನ್ನು ವಾಪಸ್ ಹೀರಿಕೊಳ್ಳುತ್ತದೆ. ಉತ್ತರ ಅಮೆರಿಕದ ಮರುಭೂಮಿ ಆಮೆ ಹೀಗೆ ತಿಂಗಳುಗಟ್ಟಲೆ ತಳ್ಳುತ್ತದೆ. ಅಲ್ಲಿ ಕಾಡಿನ ಆಮೆಯನ್ನು ಎತ್ತಬೇಡಿ ಎಂದು ಹೇಳುವುದಕ್ಕೆ ಒಂದು ಕಾರಣ ಇದೇ. ಹೆದರಿ ಉಚ್ಚೆ ಹೊಯ್ದರೆ ಕೂಡಿಟ್ಟ ನೀರೆಲ್ಲ ಹೋಯಿತು, ಮತ್ತೆ ಮಳೆ ಯಾವಾಗಲೋ. ಈ ಉಳಿತಾಯಕ್ಕೆ ಇನ್ನೊಂದು ಮುಖವೂ ಇದೆ. ನೀರನ್ನಷ್ಟೇ ಹೀರುತ್ತಾ ಹೋದರೆ ಯುರೇಟ್ ಒಳಗೇ ಉಳಿಯುತ್ತದೆ. ಮುಂದೆ ಅದೇ ಮೂತ್ರಕೋಶದಲ್ಲಿ ಕಲ್ಲಾಗಬಹುದು. ರಕ್ತದಲ್ಲಿ ಯೂರಿಕ್ ಆಮ್ಲ ಏರಿದರೆ ಗೌಟ್, ಅಂದರೆ ಕೀಲುಗಳಲ್ಲೂ ಒಳಗಿನ ಅಂಗಗಳಲ್ಲೂ ಹರಳು ಕಟ್ಟುವುದು. ಬಾಯಾರಿದ ಆಮೆ ಕೂಗುವುದಿಲ್ಲ, ಬಟ್ಟಲು ಬಡಿಯುವುದಿಲ್ಲ. ಗೊತ್ತಾಗುವ ಹೊತ್ತಿಗೆ ಬಹಳ ದಿನ ಆಗಿರುತ್ತದೆ.

ರೆಡ್‌ಫುಟ್ ಬಂದದ್ದು ಅದೇ ಸ್ಥಿತಿಯಲ್ಲಿ. ಕಣ್ಣು ಒಳಗೆ ಹೋಗಿತ್ತು. ಕತ್ತಿನ ಚರ್ಮ ಹೊಟ್ಟು ಹೊಟ್ಟಾಗಿ ಏಳುತ್ತಿತ್ತು. ಗಾತ್ರಕ್ಕೆ ತಕ್ಕ ತೂಕ ಇರಲಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಇಟ್ಟೆ. ಮೊದಲು ಟಬ್ಬಿನ ಗೋಡೆ ಕೆರೆಯಿತು. ಸ್ವಲ್ಪ ಹೊತ್ತಿಗೆ ಸುಮ್ಮನಾಗಿ, ಕತ್ತು ಚಾಚಿ, ಮೂಗಿನ ಹೊಳ್ಳೆ ಮುಳುಗುವ ಹಾಗೆ ತಲೆ ಇಳಿಸಿತು. ಆಮೆ ಬೆಕ್ಕು ನಾಯಿಯಂತೆ ನಾಲಿಗೆ ಆಡಿಸಿ ಕುಡಿಯುವುದಿಲ್ಲ. ಮುಖ ಮುಳುಗಿಸಿಯೇ ಕುಡಿಯಬೇಕು. ಗಂಟಲಿನ ಕೆಳಗಿನ ಚರ್ಮ ಮೇಲೆ ಕೆಳಗೆ ಆಡುವುದು ಕಾಣುತ್ತದೆ, ಅಷ್ಟೇ. ಕುಡಿದು ಮುಗಿದ ಮೇಲೆ ಹೊರಗೆ ಬಂದದ್ದು ಹಳದಿ ಬಣ್ಣದ ಗಟ್ಟಿ ಉಂಡೆಗಳು. ಉಜ್ಜಿದರೆ ಪುಡಿ ಪುಡಿ. ಸರೀಸೃಪ ಗೊತ್ತಿರುವ ಪಶುವೈದ್ಯರ ಹತ್ತಿರ ಎಕ್ಸ್‌ರೇ ತೆಗೆಸಿದೆ. ಕಲ್ಲು ಇರಲಿಲ್ಲ, ಪುಣ್ಯ. ಅಲ್ಲಿಂದ ದಿನಾ ನೀರು. ವಾರಗಳು ಕಳೆದಂತೆ ಉಂಡೆ ಹೋಗಿ ಮುದ್ದೆಯಾಯಿತು, ಮುದ್ದೆ ಹೋಗಿ ಬಿಳಿ ಪೇಸ್ಟ್ ಆಯಿತು. ಕಣ್ಣು ಮೊದಲೇ ಮೇಲೆ ಬಂದಿತ್ತು. ಕಣ್ಣು ಸರಿಯಾದ ಕೂಡಲೇ ನಿಲ್ಲಿಸಬೇಡಿ, ಒಳಗಿನ ಬಾಕಿ ತೀರಲು ಇನ್ನೂ ಸಮಯ ಬೇಕು.

ನೀರಲ್ಲಿ ಕೂರಿಸುವ ಕ್ರಮ ಹೇಳುತ್ತೇನೆ. ಗೋಡೆ ಎತ್ತರವಿರುವ, ಆಚೆಗಿನದು ಕಾಣದ ಟಬ್ ತೆಗೆದುಕೊಳ್ಳಿ. ಪಾರದರ್ಶಕ ಡಬ್ಬವಾದರೆ ಆಮೆ ಹೊರಗೆ ಹೋಗಲು ಗೋಡೆಗೆ ಗುದ್ದುತ್ತಲೇ ಇರುತ್ತದೆ, ಕುಡಿಯುವುದಿಲ್ಲ. ನೀರಿನ ಬಿಸಿ 30ರಿಂದ 32 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಟ್ಟೇ ನೋಡಿ, ಕೈಗೆ ಬೆಚ್ಚಗಿದೆ ಅನ್ನುವುದನ್ನು ನಂಬುವ ಹಾಗಿಲ್ಲ. ಆಳ ಎಷ್ಟು ಅಂದರೆ, ಮೇಲಿನ ಚಿಪ್ಪೂ ಹೊಟ್ಟೆಯ ಚಿಪ್ಪೂ ಪಕ್ಕದಲ್ಲಿ ಕೂಡುವ ಗೆರೆಯ ತನಕ. ತಲೆ ಆರಾಮಾಗಿ ಮೇಲಿರಬೇಕು. ಇದು ಕೆರೆಯ ಆಮೆಯಲ್ಲ, ಈಜಲು ಬರುವುದಿಲ್ಲ. ಹೊತ್ತು 20 ನಿಮಿಷದಿಂದ ಅರ್ಧ ಗಂಟೆ. ಅಷ್ಟರಲ್ಲಿ ನೀರು ತಣ್ಣಗಾದರೆ ಬೇರೆ ಬೆಚ್ಚಗಿನ ನೀರು ಹಾಕುತ್ತೇನೆ. ಹೇಲಿದರೂ ಬದಲಾಯಿಸುತ್ತೇನೆ, ಇಲ್ಲದಿದ್ದರೆ ಅದನ್ನೇ ಕುಡಿಯುತ್ತದೆ. ಬೆಚ್ಚಗಿನ ನೀರಿಗೆ ಇಳಿದ ಕೂಡಲೇ ಹೊಟ್ಟೆ ಖಾಲಿ ಮಾಡುವುದು ಆಮೆಗಳ ಅಭ್ಯಾಸ. ಗೂಡು ಚೊಕ್ಕಟವಾಗಿರುತ್ತದೆ ಅನ್ನುವುದು ನಮಗೆ ಲಾಭ. ಆಮೇಲೆ ಬಟ್ಟೆಯಲ್ಲಿ ಒರೆಸಿ ಬಲ್ಬಿನ ಕೆಳಗೆ ಬಿಡುತ್ತೇನೆ.

ಮರಿಗಳಿಗೆ ಇದು ದಿನಾ ಬೇಕು, ಒಂದು ದಿನವೂ ತಪ್ಪಿಸುವ ಹಾಗಿಲ್ಲ. ಪುಟ್ಟ ದೇಹ ಬೇಗ ಒಣಗುತ್ತದೆ, ಆಗ ಕೆಟ್ಟ ಮೂತ್ರಪಿಂಡ ಮತ್ತೆ ಸರಿಯಾಗುವುದು ಕಷ್ಟ. ದೊಡ್ಡದಾದ ಮೇಲೆ ವಾರಕ್ಕೆ ಎರಡು ಮೂರು ಸಲ ಸಾಕು. ಸೆಕೆ ಜಾಸ್ತಿಯಾದಾಗ ನಾನು ಇನ್ನೊಂದೆರಡು ಸಲ ಸೇರಿಸುತ್ತೇನೆ.

ಆಮೆ ನಿಜವಾಗಿ ಕುಡಿಯಿತಾ ಅಂತ ತಿಳಿಯಲು ತಕ್ಕಡಿ ಇದೆ. ಒಂದು ಮಿಲಿಲೀಟರ್ ನೀರು ಅಂದರೆ ಒಂದು ಗ್ರಾಂ. ನೀರಿಗೆ ಬಿಡುವ ಮೊದಲು ತೂಗಿ, ಹೊರತೆಗೆದು ಒರೆಸಿ ಮತ್ತೆ ತೂಗಿ. ಹೇಲು ಉಚ್ಚೆ ಏನೂ ಮಾಡದಿದ್ದರೆ ಏರಿದಷ್ಟು ಗ್ರಾಮೇ ಕುಡಿದ ನೀರು. ಮಾಡಿದ್ದರೆ ಆ ದಿನದ ಲೆಕ್ಕ ಕೆಟ್ಟಿತು, ಬಿಟ್ಟುಬಿಡಿ. ಸಲ್ಕಾಟಾ ಮರಿಯಾಗಿದ್ದಾಗ ಕುಡಿಯುವುದೇ ಕಾಣುತ್ತಿರಲಿಲ್ಲ. ತಕ್ಕಡಿ ಮಾತ್ರ ಕುಡಿದಿದೆ ಅನ್ನುತ್ತಿತ್ತು. ಗ್ರಾಂ ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಆದರೆ ಅದನ್ನು ಆಮೆಗೇ ಮೀಸಲಿಡಿ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ, ಅಂದರೆ ನಮ್ಮ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ, ಇರುವುದು ಮಾಮೂಲು. ಟಬ್, ಬ್ರಷ್ ಎಲ್ಲ ಬೇರೆ. ಆ ನೀರನ್ನು ಪಾತ್ರೆ ತೊಳೆಯುವ ಸಿಂಕಿಗೆ ಸುರಿಯಬಾರದು. ಕೈ ಸೋಪು ಹಾಕಿ ತೊಳೆಯಬೇಕು.

ಹಾಗಾದರೆ ಗೂಡಿನಲ್ಲಿ ನೀರಿನ ಬಟ್ಟಲು ಬೇಡವಾ? ಬೇಕೇ ಬೇಕು. ನಾನು ಇಟ್ಟಿರುವುದು ಹೂಕುಂಡದ ಕೆಳಗೆ ಇಡುತ್ತಾರಲ್ಲ, ಆ ಮಣ್ಣಿನ ತಟ್ಟೆ. ಅಗಲ, ಆಳ ಕಡಿಮೆ, ಮೈ ಒರಟು, ಉಗುರು ಹಿಡಿಯುತ್ತದೆ. ಅಂಚು ಹಾಸಿನ ಮಟ್ಟಕ್ಕೆ ಬರುವ ಹಾಗೆ ಹೂತಿಟ್ಟಿದ್ದೇನೆ. ಕಲ್ಲಿನಂತೆ ಕಾಣುವ, ಒಂದು ಕಡೆ ಇಳಿಜಾರಿರುವ ಆಳದ ಬಟ್ಟಲುಗಳು ಮಾರಾಟಕ್ಕೆ ಬರುತ್ತವೆ. ಚೆನ್ನಾಗಿಯೇ ಕಾಣುತ್ತವೆ. ಆದರೆ ಮರಿ ಹತ್ತುವಾಗ ಮಗುಚಿ ಬಿದ್ದರೆ ಅಂಗಾತ ನೀರಲ್ಲೇ ಮುಳುಗುತ್ತದೆ. ನಾನಂತೂ ಅಂಥದ್ದನ್ನು ಮನೆಯೊಳಗೆ ತರುವುದಿಲ್ಲ.

ಇಷ್ಟೆಲ್ಲ ಕುಡಿಸಿಯೂ ಗಾಳಿ ಒಣಗಿದ್ದರೆ ಏನು ಪ್ರಯೋಜನ? ತಲೆ ಮೇಲಿನ ಬಲ್ಬ್ ದಿನವಿಡೀ ನೀರನ್ನು ಎಳೆಯುತ್ತಲೇ ಇರುತ್ತದೆ. ಚಿಪ್ಪಿನ ಮೇಲೆ ಗುಬುಟು ಗುಬುಟಾಗಿ ಏಳುವ ಪಿರಮಿಡ್‌ಗಳನ್ನು ನೋಡಿರುತ್ತೀರಿ. ಪ್ರೋಟೀನ್ ಜಾಸ್ತಿಯಾಗಿ ಹಾಗಾಗುತ್ತದೆ ಅಂತ ಬಹಳ ಕಾಲ ಹೇಳುತ್ತಿದ್ದರು. 2003ರಲ್ಲಿ ಸಲ್ಕಾಟಾ ಮರಿಗಳ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಪ್ರೋಟೀನ್‌ಗಿಂತ ಗಾಳಿಯ ತೇವಾಂಶವೇ ಮುಖ್ಯ, ಒಣ ಗಾಳಿಯಲ್ಲಿ ಬೆಳೆದವುಗಳಿಗೆ ಗುಬುಟು ಜಾಸ್ತಿ ಅನ್ನುವುದು ಅದರಲ್ಲಿ ಕಂಡಿತು. ನನ್ನ ಸಲ್ಕಾಟಾ ಮರಿಯನ್ನು ಮುಚ್ಚಳವಿರುವ ಪೆಟ್ಟಿಗೆಯಲ್ಲೇ ಬೆಳೆಸಿದ್ದು ಅದಕ್ಕೇ. ತೇವಾಂಶ ಶೇಕಡ 80ರ ಆಸುಪಾಸು ಇಡುತ್ತಿದ್ದೆ. ಚಿಪ್ಪು ನುಣ್ಣಗೆ ಬಂದಿದೆ. ಬಂದಾಗಲೇ ರೆಡ್‌ಫುಟ್‌ನ ಚಿಪ್ಪಿನಲ್ಲಿ ಇದ್ದ ಗುಬುಟು ಹಾಗೇ ಇದೆ, ಅದು ಇಳಿಯುವುದಿಲ್ಲ. ಹೊಸದಾಗಿ ಬೆಳೆದ ಪಟ್ಟಿ ಮಾತ್ರ ಸಮತಟ್ಟು.

ತೇವ ಹಿಡಿಸಲು ಸ್ಪ್ರೇ ಬಾಟಲಿಯೊಂದನ್ನೇ ನಂಬಬೇಡಿ, ಅರ್ಧ ಗಂಟೆಯಲ್ಲಿ ಆವಿ. ಕೋಕೋಪೀಟನ್ನು, ಅಂದರೆ ತೆಂಗಿನ ನಾರಿನ ಪುಡಿಯನ್ನು, ನಾಲ್ಕು ಬೆರಳಿನಷ್ಟು ದಪ್ಪ ಹಾಸಿ, ಮೂಲೆಗಳಲ್ಲಿ ನೀರು ಸುರಿಯುತ್ತೇನೆ. ನೀರು ತಳಕ್ಕೆ ಇಳಿದು ಕೆಳಗೆ ಒದ್ದೆ, ಮೇಲೆ ಒಣಗಿರುತ್ತದೆ. ಮೇಲ್ಮೈಯೂ ಸದಾ ಒದ್ದೆಯಿದ್ದರೆ ಹೊಟ್ಟೆಯ ಚಿಪ್ಪು ಕೊಳೆಯಬಹುದು. ಬಲ್ಬಿನಿಂದ ದೂರದ ಮೂಲೆಯಲ್ಲಿ ಬೋರಲು ಹಾಕಿದ ಡಬ್ಬ, ಅದಕ್ಕೊಂದು ಬಾಗಿಲು, ಒಳಗೆ ಒದ್ದೆ ಪಾಚಿ. ಅದೇ ಇವುಗಳ ಬಿಲ. ಎರಡೂ ಮಲಗುವುದು ತಮ್ಮ ತಮ್ಮ ಡಬ್ಬದಲ್ಲೇ. ತೇವಾಂಶ ಅಳೆಯುವ ಹೈಗ್ರೋಮೀಟರನ್ನು ಆಮೆಯ ಬೆನ್ನಿನ ಎತ್ತರದಲ್ಲಿ ಇಡಿ. ಮೇಲೆ ಗೋಡೆಗೆ ಅಂಟಿಸಿದರೆ ಅದು ಹೇಳುವುದು ಬಲ್ಬಿನ ಕಥೆ. ತೇವದ ಜೊತೆ ಚಳಿ ಮಾತ್ರ ಬೇಡ. ತಣ್ಣಗಿನ ಒದ್ದೆ ಗೂಡಿನಲ್ಲಿ ಮೂಗು ಸೋರಲು ಶುರುವಾಗುತ್ತದೆ, ಮುಂದೆ ನ್ಯುಮೋನಿಯಾವೂ ಆಗಬಹುದು. ಹಾಗಾಗಿ ಮುಚ್ಚಿದ ಗೂಡಿಗೆ ರಾತ್ರಿ ಬೆಳಕಿಲ್ಲದ ಸೆರಾಮಿಕ್ ಹೀಟರ್ ಇಡುತ್ತೇನೆ.

ಮೇವಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಣ ಹುಲ್ಲಿನಲ್ಲಿ ನೀರು ಶೇಕಡ 10ರ ಸುಮಾರು, ಹಸಿ ಸೊಪ್ಪಿನಲ್ಲಿ ಅದರ ಎಷ್ಟೋ ಪಟ್ಟು. ಸಲ್ಕಾಟಾಕ್ಕೆ ಹುಲ್ಲು ಬೇಕೇ ಬೇಕು, ಹಾಗಾಗಿ ಒಣ ಹುಲ್ಲನ್ನು ಸಣ್ಣಗೆ ಕತ್ತರಿಸಿ ನೀರು ಚಿಮುಕಿಸಿ, ದಾಸವಾಳದ ಎಲೆ, ಪಾಪಾಸುಕಳ್ಳಿಯ ಮುಳ್ಳು ತೆಗೆದ ಎಲೆ ಸೇರಿಸುತ್ತೇನೆ. ನೀರು ಹೋಗಲಿ ಅಂತ ಕಲ್ಲಂಗಡಿ, ಸೌತೆಕಾಯಿ ತುಂಬಿಸುವವರಿದ್ದಾರೆ. ಹುಲ್ಲು ತಿನ್ನುವ ಜಾತಿಗೆ ಸಕ್ಕರೆ ಹಣ್ಣು ಭೇದಿ ಮಾಡಿಸುತ್ತದೆ. ಭೇದಿಯಲ್ಲಿ ಹೋಗುವ ನೀರು ಹಣ್ಣಿನಿಂದ ಬಂದದ್ದಕ್ಕಿಂತ ಜಾಸ್ತಿಯಾದರೆ ಏನು ಬಂತು? ರೆಡ್‌ಫುಟ್‌ಗೆ ಹಣ್ಣು ಸಹಜ ಆಹಾರ, ಅದಕ್ಕೆ ಕೊಡುತ್ತೇನೆ.

ಆಮೆ ಕುಡಿಯದಿದ್ದರೆ ಸಿರಿಂಜಿನಲ್ಲಿ ಬಾಯಿಗೆ ನೀರು ಬಿಡಲು ಹೋಗಬೇಡಿ. ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ಇದೆ, ನೀರು ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. ಕಣ್ಣು ಗುಳಿ ಬಿದ್ದಿದ್ದು, ಬೆಚ್ಚಗಿನ ನೀರಲ್ಲೂ ತಲೆ ಎತ್ತದಿದ್ದರೆ, ಉಚ್ಚೆಗೆ ತಿಣುಕುತ್ತಿದ್ದರೆ ಅಥವಾ ಹಿಂಗಾಲು ಎಳೆಯುತ್ತಿದ್ದರೆ ಮನೆಯ ಉಪಾಯ ಬಿಟ್ಟು ವೈದ್ಯರ ಹತ್ತಿರ ಹೋಗಿ. ಅವರು ಚರ್ಮದ ಕೆಳಗೆ ಅಥವಾ ಬೇರೆ ದಾರಿಯಲ್ಲಿ ದ್ರವ ಕೊಡುತ್ತಾರೆ. ಆಮೆ ಒಣಗಿದೆ ಅನ್ನುವುದನ್ನು ನೀವೇ ಬಾಯಿಬಿಟ್ಟು ಹೇಳಿ. ಕೆಲವು ಆ್ಯಂಟಿಬಯೋಟಿಕ್‌ಗಳು ನೀರಿಲ್ಲದ ಮೂತ್ರಪಿಂಡವನ್ನು ಹಾಳು ಮಾಡುತ್ತವೆ, ಅಂಥ ಔಷಧಿಗೆ ಮೊದಲು ನೀರು ತುಂಬಿಸಲೇಬೇಕು.

ಸಲ್ಕಾಟಾ ಈಗ ಯಾವ ಟಬ್ಬಿಗೂ ಹಿಡಿಸುವುದಿಲ್ಲ. ಈ ಜಾತಿಯ ಗಂಡು 45 ಕಿಲೋ ದಾಟಬಹುದು, ಎತ್ತಿ ನೀರಿಗೆ ಬಿಡುವುದು ಮುಂದೆ ನಡೆಯುವ ಮಾತಲ್ಲ. ಅದಕ್ಕೆ ನೆಲದಲ್ಲೇ ಸಿಮೆಂಟಿನ ಅಗಲ ಗುಂಡಿ ಮಾಡಿಸಿದ್ದೇನೆ. ನಾಲ್ಕೂ ಕಡೆ ಇಳಿಜಾರು, ಮೈ ಒರಟು, ನಡುವೆಯೂ ನೀರು ಅದರ ಗದ್ದದಿಂದ ಕೆಳಗೆ. ದಿನಾ ಬೆಳಗ್ಗೆ ಪೊರಕೆ ಹಾಕಿ ತೊಳೆದು ಹೊಸ ನೀರು ಬಿಡುತ್ತೇನೆ. ಪೈಪಿನ ಸದ್ದಾದರೆ ತಾನೇ ನಡೆದು ಬಂದು ಇಳಿಯುತ್ತದೆ, ಮುಖ ಮುಳುಗಿಸುತ್ತದೆ, ಹೋಗುವಾಗ ಗುಂಡಿಯಲ್ಲೇ ಹೇಲಿ ಹೋಗುತ್ತದೆ. ಮತ್ತೆ ಪೊರಕೆ.