ಮಧ್ಯಮಾವತಿಗೆ ಸಸ್ ಕಾರ್ಡ್ ಸೇರಿಸುವುದು ಹೇಗೆ?

ಬದಿಯಡ್ಕ ಕಡೆಯ ಒಂದು ಭಜನಾ ಮಂದಿರದಲ್ಲಿ ನಾನು ಕೀಬೋರ್ಡ್ ನುಡಿಸುವುದುಂಟು. ಒಮ್ಮೆ ಮಧ್ಯಮಾವತಿ ರಾಗದ ಮಂಗಳಕ್ಕೆ ಸುಮ್ನೆ ಡಿ ಮೇಜರ್ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಒತ್ತಿಬಿಟ್ಟೆ. ಮುಗಿದ ಮೇಲೆ ಹಾಡಿದ ಮಾವ ಕೇಳಿದರು: "ಆ ಗಾಂಧಾರ ಎಲ್ಲಿಂದ ತಂದೆ ಮಾರಾಯ?"

ಅವರು ಕೇಳಿದ್ದು ಸರಿ. ಮಧ್ಯಮಾವತಿಯಲ್ಲಿರುವುದು ಸ ರಿ ಮ ಪ ನಿ, ಐದೇ ಸ್ವರ. ಮೇಜರ್, ಮೈನರ್ ಎಂದು ಬೇರೆ ಮಾಡುವುದೇ ಗಾಂಧಾರ. ಅದನ್ನು ತೆಗೆದು ಆ ಜಾಗಕ್ಕೆ ಮಧ್ಯಮ ಹಾಕಿದರೆ ಸಸ್ (ಸಸ್‌ಪೆಂಡೆಡ್) ಫೋರ್, ರಿಷಭ ಹಾಕಿದರೆ ಸಸ್ ಟು. ಎರಡೂ ಈ ರಾಗದೊಳಗೇ ಇವೆ.

ಶ್ರುತಿ ಬಿಳಿ ಎರಡು, ಅಂದರೆ ಡಿ ಇಟ್ಟುಕೊಳ್ಳಿ. ರಾಗದ ಸ್ವರಗಳೆಲ್ಲ (ಡಿ, ಇ, ಜಿ, ಎ, ಸಿ) ಬಿಳಿ ಕೀಗಳಲ್ಲೇ ಸಿಗುತ್ತವೆ. ಮೊದಲು ಎಡಗೈಯಲ್ಲಿ ಡಿ, ಎ ಹಿಡಿಯಿರಿ, ತಂಬೂರಿಯ ಸ-ಪ ಇದ್ದ ಹಾಗೆ. ಬಲಗೈಯಲ್ಲಿ ಡಿ, ಜಿ, ಎ ಒತ್ತಿದರೆ ಸಸ್ ಫೋರ್. ಜಿ ಮೇಲಿನ ಬೆರಳನ್ನು ಇಗೆ ಸರಿಸಿದರೆ ಸಸ್ ಟು.

ಗಿಟಾರಿನವರಿಗೆ ಇನ್ನೂ ಸುಲಭ. ಡಿ ಕಾರ್ಡ್ ಹಿಡಿದು, ಒಂದನೇ ತಂತಿಯ ಮೂರನೇ ಫ್ರೆಟ್ಟಿಗೆ ಕಿರುಬೆರಳಿಟ್ಟರೆ ಸಸ್ ಫೋರ್. ಆ ತಂತಿಯನ್ನು ಖಾಲಿ ಬಿಟ್ಟರೆ ಸಸ್ ಟು.

ಈಗ ನನಗೆ ತುಂಬ ಇಷ್ಟದ ಕೈಚಳಕ. ಬಲಗೈಯಲ್ಲಿ ಡಿ, ಜಿ, ಎ ಹಾಗೇ ಇರಲಿ. ಎಡಗೈಯಲ್ಲಿ ಬರೀ ಜಿ ಒತ್ತಿ. ಸ್ವರಗಳು ಅವೇ, ಆದರೆ ಈಗ ಅದು ಜಿ ಸಸ್ ಟು! ಬಲಗೈ ಅಲುಗಲೇ ಇಲ್ಲ, ಅಲ್ವಾ?

ಹಾಡುವವರು ಮನೋಧರ್ಮಕ್ಕೆ, ಅಂದರೆ ಆಗಲೇ ಹೊಳೆದದ್ದನ್ನು ಹಾಡಲು, ಇಳಿದಾಗ ಕಾರ್ಡ್ ಜಾಸ್ತಿ ಬದಲಿಸಬೇಡಿ. ಹಾಡು ರಿಷಭದಲ್ಲಿ ನಿಂತರೆ ಸಸ್ ಟು, ಮಧ್ಯಮದಲ್ಲಿ ನಿಂತರೆ ಸಸ್ ಫೋರ್. ನಡುವೆ ಓಡುವ ಸ್ವರಗಳಿಗೆ ಎಡಗೈಯ ಡಿ-ಎ ಸಾಕು. ಗಮಕವನ್ನು (ಸ್ವರದ ಓಲಾಟವನ್ನು) ಹಾಡುವವರಿಗೇ ಬಿಡಿ.

ಸ್ವಂತ ಭಾವಗೀತೆಗೆ ಡಿ ಮೇಜರ್‌ನಲ್ಲಿ ರಾಗ ಹಾಕುತ್ತಿದ್ದೀರಾ? ಹಾಗಾದರೆ ಪಲ್ಲವಿಗೆ ಮರಳುವ ಮುಂಚೆ ಎ ಸಸ್ ಫೋರ್ (ಎ, ಡಿ, ಇ) ಹಿಡಿದು ಕಾಯಿರಿ. ಹಿಂದಿನ ಕಾರ್ಡಿನ ಡಿಯನ್ನು ಬಿಡದೆ ಎಳೆದು, ಆಮೇಲೆ ಸಿ ಶಾರ್ಪಿಗೆ ಇಳಿಸಿ. ಎ ಮೇಜರ್ ಆಯಿತು. ಅಲ್ಲಿಂದ ಡಿ. ಸಸ್‌ಪೆಂಡೆಡ್ ಎಂಬ ಹೆಸರು ಬಂದದ್ದೇ ಹೀಗೆ ಸ್ವರವನ್ನು ತೂಗಾಡಿಸಿ ಇಳಿಸುವುದರಿಂದ.

ಮಂಗಳದಲ್ಲಿ ಮಾತ್ರ ಡಿ ಸಸ್ ಫೋರಿನ ಜಿಯನ್ನು ಹಾಗೆ ಇಳಿಸಲು ಹೋಗಬೇಡಿ, ಗಾಂಧಾರ ನುಸುಳುತ್ತದೆ. ಕೊನೆಯ ಷಡ್ಜಕ್ಕೆ ಬಲಗೈ ಎತ್ತಿ, ಎಡಗೈಯ ಡಿ-ಎ ಮಾತ್ರ ಉಳಿಸಿ. ತಾಳದ ಸದ್ದು ನಿಂತ ಮೇಲೆ ಅದನ್ನೂ ಬಿಡಿ.